ಗುಡ್ಡೆಗೂ ಒಂದು ಪಟ ಬೇಡವೇ?

ನಮ್ಮ ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾವೊಮ್ಮೆ ಒಂದು ಕೆಲಸ ಒಪ್ಪಿಸಿದೆವು. ಶಾಲೆಯ ಹಿಂದೆ ಇದ್ದು, ಈಗ ಮಣ್ಣು ತೆಗೆದು ಸಪಾಟಾಗಿರುವ ಗುಡ್ಡೆಯ ಹಳೆಯ ಫೋಟೋ ಒಂದನ್ನು ಹುಡುಕಿ ತರಬೇಕು. ವಾರ ಕಳೆಯಿತು. ಬಂದವುಗಳೆಲ್ಲ ಮದುವೆ, ಉಪನಯನ, ಗೃಹಪ್ರವೇಶಗಳ ಆಲ್ಬಮ್ಮುಗಳು. ಅವುಗಳಲ್ಲೊಂದರಲ್ಲಿ ಮದುಮಗನ ಹೆಗಲ ಹಿಂದೆ, ಚಪ್ಪರದ ಸಂದಿಯಲ್ಲಿ, ಬೆರಳಗಲದಷ್ಟು ಗುಡ್ಡೆ ಕಂಡಿತು. ಅದೂ ಮಸುಕು. ತಲೆಮಾರುಗಳಿಂದ ಊರಿನ ದನಗಳಿಗೆ ಹುಲ್ಲು, ತೋಟಗಳಿಗೆ ಸೊಪ್ಪು ಕೊಟ್ಟ ಗುಡ್ಡೆಗೆ ಉಳಿದ ದಾಖಲೆ ಅಷ್ಟೇ.

ಪ್ರಕೃತಿದೃಶ್ಯಗಳ ಛಾಯಾಗ್ರಹಣವೆಂದರೆ ಉಳ್ಳವರ ಹವ್ಯಾಸ ಎಂದು ಅಲ್ಲಿಯವರೆಗೆ ನಾವೂ ತಿಳಿದಿದ್ದೆವು. ಆ ಆಲ್ಬಮ್ಮನ್ನು ನೋಡಿದ ಬಳಿಕ ಆ ಎಣಿಕೆ ಉಳಿಯಲಿಲ್ಲ.

ಕನ್ನಡಿಯಿಲ್ಲದ ಕೆಮರಾ

ಗಲ್ಫಿನಿಂದ ರಜೆಯಲ್ಲಿ ಬಂದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಕೈಯಲ್ಲಿ 'ಮಿರರ್‌ಲೆಸ್' ಕೆಮರಾ ಇತ್ತು. "ಮಾಷ್ಟ್ರೇ, ನೀವೇ ತೆಗೆದು ನೋಡಿ" ಎಂದು ಕೊರಳಿಗೆ ಹಾಕಿಯೇ ಬಿಟ್ಟ. ಹೆಸರೇ ಹೇಳುವಂತೆ ಇದರೊಳಗೆ ಕನ್ನಡಿಯಿಲ್ಲ. ಹಿಂದಿನ ಎಸ್.ಎಲ್.ಆರ್. ಕೆಮರಾಗಳಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ ಇರುತ್ತಿತ್ತು. ದೃಶ್ಯವನ್ನು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ಮುಟ್ಟಿಸುವುದು ಅದರ ಕೆಲಸ. ಗುಂಡಿ ಒತ್ತಿದಾಗ ಅದು ಠಪ್ಪೆಂದು ಮೇಲಕ್ಕೇಳುತ್ತಿತ್ತು. ಆಗ ಕೆಮರಾ ತುಸು ಅದುರುವುದೂ ಇತ್ತು. ಹೊಸ ಕೆಮರಾದಲ್ಲಿ ಬೆಳಕು ನೇರವಾಗಿ ಸಂವೇದಕ ಫಲಕದ ಮೇಲೆ ಬೀಳುತ್ತದೆ. ಅಲ್ಲಿ ಮೂಡಿದ ಬಿಂಬವೇ ಕಣ್ಣಿಡುವ ಕಿಂಡಿಯ ಪುಟ್ಟ ಪರದೆಯಲ್ಲಿ ತೋರುತ್ತದೆ. ಚಿತ್ರ ಕಪ್ಪಾಗುವುದೋ ಬೆಳ್ಳಗಾಗುವುದೋ ಎಂಬುದು ಗುಂಡಿ ಒತ್ತುವ ಮೊದಲೇ ತಿಳಿಯುತ್ತದೆ. ನಮ್ಮಂಥ ಹೊಸಬರಿಗೆ ಇದೊಂದು ದೊಡ್ಡ ಉಪಕಾರ.

2008ರಲ್ಲಿ ಪ್ಯಾನಸೋನಿಕ್ ಜಿ1 ಈ ಮಾದರಿಗೆ ನಾಂದಿ ಹಾಡಿತು. 2013ರಲ್ಲಿ ಸೋನಿಯ ಎ7 ಬಂತು. ಅದರ ಫಲಕ ಹಳೆಯ ಫಿಲಂ ಚೌಕಟ್ಟಿನಷ್ಟೇ ದೊಡ್ಡದು, 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ. ನಿಕಾನ್ ಮತ್ತು ಕೆನಾನ್ ಕಂಪೆನಿಗಳು 2018ರಲ್ಲಿ ಅದೇ ಹಾದಿ ಹಿಡಿದವು. ಕನ್ನಡಿ ಹೋದುದರಿಂದ ಲೆನ್ಸಿಗೂ ಫಲಕಕ್ಕೂ ನಡುವಿನ ಅಂತರ ಇಳಿಯಿತು. ನಿಕಾನಿನಲ್ಲಿ 46.5 ಮಿ.ಮೀ. ಇದ್ದದ್ದು 16 ಮಿ.ಮೀ. ಆಯಿತು. ಇದರಿಂದ ಅಗಲ ನೋಟದ ಲೆನ್ಸುಗಳನ್ನು ಮೂಲೆಮೂಲೆಗೂ ಸ್ಪಷ್ಟವಾಗಿ ಕಾಣುವಂತೆ ರಚಿಸುವುದು ಸುಲಭವಾಯಿತು. ಇನ್ನೊಂದು ಲಾಭವೂ ಉಂಟು. ನಡುವೆ ಒಂದು ಬಳೆ ತೊಡಿಸಿದರೆ ಹಳೆಯ ಲೆನ್ಸುಗಳೂ ಕೂಡುತ್ತವೆ. ಪೇಟೆಯ ಸ್ಟುಡಿಯೋ ಮಾಲಕರು ಫಿಲಂ ಕಾಲದ ತಮ್ಮ ಲೆನ್ಸೊಂದನ್ನು ಕಪಾಟಿನಿಂದ ತೆಗೆದು, "ಇದಕ್ಕೂ ಪುನರ್ಜನ್ಮ ಬಂತಲ್ಲ ಮಾಷ್ಟ್ರೇ!" ಎಂದರು.

ಲೆನ್ಸಿನ ಮರ್ಯಾದೆ

ಒಳ್ಳೆಯ ಲೆನ್ಸುಗಳ ಬೆಲೆ ನಮ್ಮಂಥವರ ಒಂದು ತಿಂಗಳ ಸಂಬಳವನ್ನು ನುಂಗಬಲ್ಲದು. ಆದರೆ ಬೆಲೆ ತೆತ್ತ ಮಾತ್ರಕ್ಕೆ ಚಿತ್ರ ಬರುವುದಿಲ್ಲವೆಂಬುದನ್ನು ಮೊದಲ ದಿನವೇ ಕಲಿತೆವು. ಲೆನ್ಸಿನ ದ್ವಾರವನ್ನು ಪೂರ್ತಿ ತೆರೆದೇ ಚಿತ್ರ ತೆಗೆದೆವು. ಎದುರಿನ ಹುಲ್ಲು ಚೊಕ್ಕವಾಗಿ ಬಂತು. ಹಿಂದಿನ ಗುಡ್ಡೆ ಮತ್ತೆ ಮಸುಕು! ಮದುವೆಯ ಆಲ್ಬಮ್ಮಿನ ತಪ್ಪನ್ನೇ ನಾವು ಮಾಡಿದ್ದೆವು. ದೃಶ್ಯಚಿತ್ರಕ್ಕೆ ಎಫ್ 8ರಿಂದ 11ರ ವರೆಗೆ ಹದವೆಂದು ಹುಡುಗನೇ ತಿದ್ದಿದ. ಎಫ್ 16 ದಾಟಿದರೆ ಬೆಳಕು ಕಿರುದಾರಿಯ ಅಂಚಿನಲ್ಲಿ ಬಾಗಿ ಹರಡಿ, ಚಿತ್ರದ ಮೊನಚು ಕುಂದುತ್ತದೆ. ನಸುಬೆಳಕಿನಲ್ಲಿ ಟ್ರೈಪಾಡ್ ಬೇಕೇ ಬೇಕು.

ನಮ್ಮ ಕರಾವಳಿಯಲ್ಲಿ ಲೆನ್ಸಿಗೆ ಶತ್ರುಗಳು ಹಲವು. ಮಳೆಗಾಲದಲ್ಲಿ ಕಪಾಟಿನೊಳಗೆ ಮುಚ್ಚಿಟ್ಟರೆ ಗಾಜಿಗೆ ಬೂಸ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು ಕಾಪಾಡಬೇಕು. ಬೇಕಲದ ಕೋಟೆಯ ಬಳಿ ಚಿತ್ರ ತೆಗೆದು ಬಂದರೆ ಉಪ್ಪಿನ ತುಂತುರನ್ನು ಅಂದೇ ಒರಸಬೇಕು. ಕನ್ನಡಿಯ ಮರೆಯಿಲ್ಲದ್ದರಿಂದ ಲೆನ್ಸ್ ಬದಲಿಸುವಾಗ ಕೆಂಪು ಧೂಳು ಫಲಕದ ಮೇಲೆ ಕೂರಬಹುದು. ಬ್ಯಾಟರಿಯೂ ಬೇಗ ಬರಿದಾಗುತ್ತದೆ; ಜೇಬಿನಲ್ಲಿ ಇನ್ನೊಂದಿರಲಿ.

ಕಾಣದ ಕಣಿವೆಗೆ ಸಹಿ

ಬರಿಯ ಪಟದಿಂದ ಏನಾದೀತು ಎಂದು ಕೇಳುವವರಿದ್ದಾರೆ. 1861ರಲ್ಲಿ ಕಾರ್ಲ್‌ಟನ್ ವಾಟ್ಕಿನ್ಸ್ ಎಂಬವರು ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಅಮೆರಿಕದ ಯೊಸೆಮಿಟಿ ಕಣಿವೆಗೆ ಹೋದರು. ಅವರ ಗಾಜಿನ ಫಲಕಗಳ ಅಳತೆ ಸುಮಾರು 18 ಇಂಚು, 22 ಇಂಚು! ಆ ಚಿತ್ರಗಳು ರಾಜಧಾನಿಯ ವರೆಗೆ ತಲುಪಿದವು. 1864ರಲ್ಲಿ ಅಧ್ಯಕ್ಷ ಲಿಂಕನ್ ಆ ಕಣಿವೆಯನ್ನು ಸಾರ್ವಜನಿಕರಿಗಾಗಿ ಕಾದಿಡುವ ಕಾನೂನಿಗೆ ಸಹಿ ಹಾಕಿದರು. ಅವರು ಆ ಕಣಿವೆಯನ್ನು ಕಣ್ಣಾರೆ ಕಂಡವರೇ ಅಲ್ಲ. ಮುಂದೆ ಆನ್ಸೆಲ್ ಆಡಮ್ಸ್ ಸಿಯೆರಾ ಪರ್ವತಗಳ ತಮ್ಮ ಚಿತ್ರಗಳನ್ನು ಹಿಡಿದು ಅಧಿಕಾರಸ್ಥರ ಮುಂದೆ ವಾದಿಸಿದರು. 1940ರಲ್ಲಿ ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನವಾಯಿತು. ಚಿತ್ರವೊಂದೇ ಇದನ್ನೆಲ್ಲ ಸಾಧಿಸಿತೆಂದು ನಾವು ಹೇಳುವುದಿಲ್ಲ. ಚಿತ್ರವಿಲ್ಲದೆ ದೂರದವರಿಗೆ ತಿಳಿಸುವುದು ಕಷ್ಟವಿತ್ತೆಂಬುದಂತೂ ನಿಜ.

ಬೋಳು ಪಾದೆಯ ಸಂಪತ್ತು

ನಮ್ಮ ಜಿಲ್ಲೆಯ ಮುರಕಲ್ಲಿನ ಪಾದೆಗಳನ್ನು ಬೇಸಗೆಯಲ್ಲಿ ಕಂಡವರು ಬಂಜರು ಭೂಮಿ ಎನ್ನುತ್ತಾರೆ. ಬಂಜರು ಎಂದಾದ ಮೇಲೆ ಕಲ್ಲಿನ ಕೋರೆಗೂ ಜೆಸಿಬಿಗೂ ದಾರಿ ಸುಗಮ. ಆಟಿ ಕಳೆದ ಮೇಲೆ ಅದೇ ಪಾದೆಗೆ ಹೋಗಿ ನೋಡಬೇಕು. ಗುಂಡಿಗುಂಡಿಗಳಲ್ಲಿ ನೀರು, ಸುತ್ತ ಕೀಟಗಳನ್ನು ಹಿಡಿದು ತಿನ್ನುವ ಯುಟ್ರಿಕ್ಯುಲೇರಿಯದ ನೀಲಿ ಹೂಗಳು. ಪಾದೆಯ ಮೇಲೆ ಬಿದ್ದ ಮಳೆ ಮುರಕಲ್ಲಿನ ಬಿರುಕುಗಳಲ್ಲಿಳಿದು ಕೆಳಗಿನವರ ಬಾವಿ, ಸುರಂಗಗಳಿಗೆ ನೀರಾಗುತ್ತದೆ. ಪೆರಿಯದ ಮಳೆಗಾಲದ ತೊರೆಯಲ್ಲಿ ಅರಳುವ ಬಿಳಿ ಹೂವಿನ ಗಿಡವೊಂದನ್ನು ಪ್ರಪಂಚಕ್ಕೆ ಹೊಸ ಜಾತಿಯೆಂದು ವಿಜ್ಞಾನಿಗಳು 2012ರಲ್ಲಿ ವರ್ಣಿಸಿದರು. ಈಗ ಅದು ನಮ್ಮ ಜಿಲ್ಲೆಯ ಪುಷ್ಪ. ಬಂಜರಿನಲ್ಲಿ ಇಂಥದು ಹುಟ್ಟುತ್ತದೆಯೇ?

ಆದುದರಿಂದ ವಾಚಕರಲ್ಲಿ ನಮ್ಮದೊಂದು ವಿನಂತಿ. ಮನೆಯಲ್ಲಿ ಒಳ್ಳೆಯ ಕೆಮರಾ ಇದ್ದವರು ವರ್ಷಕ್ಕೆರಡು ಬಾರಿ, ಬೇಸಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ, ಒಂದೇ ಜಾಗದಲ್ಲಿ ನಿಂತು ತಮ್ಮೂರಿನ ಗುಡ್ಡೆಯ ಚಿತ್ರ ತೆಗೆಯಲಿ. ಕೆಮರಾ ಇಲ್ಲದವರಿಗೆ ಕೈಯಲ್ಲಿರುವ ಮೊಬೈಲೇ ಸಾಕು. ಹಿಂಬದಿಯಲ್ಲಿ ತಾರೀಕು ಬರೆಯಲಿ. ಜತೆಗೆ ಹಿರಿಯರು ಹೇಳುವ ಜಾಗದ ಹೆಸರನ್ನೂ ಬರೆಯಲಿ.

ಉಳಿದಿರುವ ಎದುರುಗುಡ್ಡೆಯ ಚಿತ್ರವೊಂದನ್ನು ದೊಡ್ಡದು ಮಾಡಿಸಿ ಶಾಲೆಯ ಜಗಲಿಯಲ್ಲಿ ತೂಗಿಸಿದ್ದೇವೆ. ಮೊಮ್ಮಗಳನ್ನು ಬಿಡಲು ಬಂದ ಅಜ್ಜಿಯೊಬ್ಬರು ಅದರ ಮುಂದೆ ನಿಂತು, ಒಂದೊಂದು ತಿರುವನ್ನೂ ಬೆರಳಿಟ್ಟು ತೋರಿಸುತ್ತಾ ಹೆಸರು ಹೇಳಿದರು. ಹನ್ನೊಂದು ಹೆಸರುಗಳು. ಅವುಗಳಲ್ಲಿ ನಮಗೆ ಗೊತ್ತಿದ್ದುವು ಎರಡೇ. ಎಲ್ಲವನ್ನೂ ಮಕ್ಕಳು ಬರೆದುಕೊಂಡಿದ್ದಾರೆ.