ರೂಟರಿನ ಐದನೆಯ ಬಾಗಿಲು

ಹಳೆಯ ಕಾಲದ ತೊಟ್ಟಿಮನೆಯನ್ನು ಕಂಡವರಿಗೆ ಅದರ ರಚನೆ ನೆನಪಿನಲ್ಲಿರುತ್ತದೆ. ನಡುವೆ ಅಂಗಳ; ಅದರ ಸುತ್ತಲೂ ಕೋಣೆಗಳು; ಒಂದೊಂದು ಕೋಣೆಯ ಬಾಗಿಲೂ ಅಂಗಳಕ್ಕೇ ತೆರೆಯುತ್ತದೆ. ಬೀದಿಗೆ ತೆರೆಯುವುದು ತಲೆಬಾಗಿಲು ಒಂದೇ. ಕೋಣೆಯಿಂದ ಕೋಣೆಗೆ ಹೋಗುವವರನ್ನು ಯಾರೂ ತಡೆಯುವುದಿಲ್ಲ. ತಲೆಬಾಗಿಲಿನಲ್ಲಿ ಮಾತ್ರ ಬಂದವರು ಯಾರು, ಏತಕ್ಕೆ ಬಂದರು ಎಂಬ ವಿಚಾರಣೆಯುಂಟು. ಇಂದು ಮನೆಗಳಿಗೆ ಅಂತರಜಾಲವನ್ನು ಹಂಚಿಕೊಡುವ ರೂಟರ್ ಎಂಬ ಪುಟ್ಟ ಪೆಟ್ಟಿಗೆಯ ವ್ಯವಸ್ಥೆಯೂ ಬಹುಮಟ್ಟಿಗೆ ಇದೇ ಬಗೆಯದು.

ರೂಟರಿನ ಬೆನ್ನ ಕಡೆ ಸಾಮಾನ್ಯವಾಗಿ ಐದು ಕಿಂಡಿಗಳಿರುತ್ತವೆ. ಇವನ್ನು ಪೋರ್ಟುಗಳೆಂದು ಕರೆಯುತ್ತಾರೆ. ನಾಲ್ಕು ಒಂದೇ ಬಣ್ಣದವು. ಅವು ಮನೆಯೊಳಗಿನ ಉಪಕರಣಗಳಿಗೆ ಮೀಸಲಾದ ‘ಲ್ಯಾನ್’ ಪೋರ್ಟುಗಳು. ಬೇರೆ ಬಣ್ಣ ಬಳಿದಿರುವ, ಇಲ್ಲವೆ ತುಸು ದೂರದಲ್ಲಿರುವ ಐದನೆಯದು ‘ವ್ಯಾನ್’ ಪೋರ್ಟು. (ಮಕ್ಕಳನ್ನು ಶಾಲೆಗೆ ಒಯ್ಯುವ ವಾಹನಕ್ಕೂ ಇದಕ್ಕೂ ಸಂಬಂಧವಿಲ್ಲ, ವಿಶಾಲ ಪ್ರದೇಶದ ಜಾಲ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳು ಸೇರಿ ಈ ಹೆಸರಾಗಿದೆ.) ಹೊರಜಗತ್ತಿನ ತಂತಿ ಬಂದು ಸೇರುವುದು ಇಲ್ಲಿಗೆ. ಒಳಗಿನ ಹಲವು ಉಪಕರಣಗಳು ಹೊರಗೆ ಒಂದೇ ವಿಳಾಸದಿಂದ ವ್ಯವಹರಿಸುವಂತೆ ಮಾಡುವುದೂ, ಕರೆಯದೆ ಬಂದ ಸಂದೇಶಗಳನ್ನು ಹಿಂದಕ್ಕೆ ತಳ್ಳುವುದೂ ಈ ಬಾಗಿಲ ಕಾವಲಿನ ಕೆಲಸ.

ಆದರೆ ಈಚೆಗೆ ಅನೇಕ ಮನೆಗಳಲ್ಲಿ ಈ ತಲೆಬಾಗಿಲಿಗೆ ಕೆಲಸವಿಲ್ಲದಂತಾಗಿದೆ. ಬೆಳಕಿನ ಎಳೆಯ ಮೂಲಕ, ಅಂದರೆ ಫೈಬರಿನ ಮೂಲಕ, ಸಂಪರ್ಕ ನೀಡುವವರು ತಮ್ಮದೇ ಒಂದು ಪೆಟ್ಟಿಗೆಯನ್ನು ಗೋಡೆಗೆ ತಗುಲಿಸಿ ಹೋಗುತ್ತಾರೆ. ಎಷ್ಟೋ ಕಡೆ ಕಾವಲಿನ ಕೆಲಸವೆಲ್ಲ ಅದರೊಳಗೇ ನಡೆಯುತ್ತದೆ. ಮನೆಯವರು ಮೊದಲು ಕೊಂಡಿದ್ದ ರೂಟರು ಒಳಕೋಣೆಗೆ ವೈಫೈ ಹಬ್ಬಿಸುವ ಎರಡನೆಯ ಪೆಟ್ಟಿಗೆಯಾಗಿ ಉಳಿಯುತ್ತದೆ. ಅದರ ವ್ಯಾನ್ ಪೋರ್ಟಿಗೆ ಫೈಬರ್ ಪೆಟ್ಟಿಗೆಯ ತಂತಿಯನ್ನು ಸಿಕ್ಕಿಸಿದರೂ ಅಂತರಜಾಲವೇನೋ ಬರುತ್ತದೆ. ಆದರೆ ಮನೆ ಇಬ್ಭಾಗವಾಗುತ್ತದೆ. ಹಜಾರದ ವೈಫೈಗೆ ಸೇರಿದ ಮೊಬೈಲಿಗೆ ಒಳಕೋಣೆಯ ಪ್ರಿಂಟರ್ ಕಾಣುವುದಿಲ್ಲ, ಏಕೆಂದರೆ ನಡುವೆ ಎರಡನೆಯ ಕಾವಲುಗಾರ ನಿಂತಿರುತ್ತಾನೆ. ಇದನ್ನು ತಪ್ಪಿಸಲು ತಂತಿಯನ್ನು ಲ್ಯಾನ್ ಪೋರ್ಟಿಗೆ ಸಿಕ್ಕಿಸುವುದುಂಟು. ಆಗ ನಾಲ್ಕರಲ್ಲಿ ಒಂದು ಪೋರ್ಟು ಅದಕ್ಕೇ ಹೋಗಿ ಮೂರು ಮಾತ್ರ ಉಳಿಯುತ್ತವೆ. ಟೆಲಿವಿಷನ್, ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾದ ಚಿತ್ರಗಳನ್ನು ದಾಖಲಿಸುವ ಯಂತ್ರ, ಹೀಗೆ ನಾಲ್ಕು ಉಪಕರಣಗಳಿರುವ ಮನೆಯಲ್ಲಿ ಒಂದಕ್ಕೆ ಸ್ಥಳವಿಲ್ಲ. ಪಕ್ಕದಲ್ಲಿಯೇ ಐದನೆಯ ಪೋರ್ಟು ಮಾತ್ರ ಬರಿದಾಗಿ ಕುಳಿತಿರುತ್ತದೆ.

ಈ ಐದನೆಯದನ್ನೂ ಒಳಬಾಗಿಲಾಗಿ ಮಾಡಿಕೊಳ್ಳಬಾರದೇಕೆ? ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ ಇದಕ್ಕೆ ಉತ್ತರ ದೊರೆಯುತ್ತದೆ. ಅನೇಕ ರೂಟರುಗಳಲ್ಲಿ ಐದು ಪೋರ್ಟುಗಳೂ ಸ್ವಿಚ್ ಎಂಬ ಒಂದೇ ಚಿಪ್ಪಿಗೆ ಸೇರಿರುತ್ತವೆ. ಆ ಚಿಪ್ಪಿನ ಆರನೆಯ ಕೈ ರೂಟರಿನ ಮಿದುಳಾದ ಪ್ರೊಸೆಸರಿನತ್ತ ಚಾಚಿರುತ್ತದೆ. ಲೋಹದಲ್ಲಾಗಲಿ, ಆಕಾರದಲ್ಲಾಗಲಿ ವ್ಯಾನ್ ಪೋರ್ಟಿಗೂ ಲ್ಯಾನ್ ಪೋರ್ಟಿಗೂ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಬರವಣಿಗೆಯಲ್ಲಿ. ಮೊದಲ ನಾಲ್ಕು ಪೋರ್ಟುಗಳು ಒಂದನೆಯ ಗುಂಪಿನವು, ಐದನೆಯದು ಎರಡನೆಯ ಗುಂಪಿನದು ಎಂದು ಚಿಪ್ಪಿಗೆ ಕಟ್ಟಳೆ ವಿಧಿಸಿರುತ್ತಾರೆ. ಒಂದು ಗುಂಪಿನ ಸಂದೇಶ ಪ್ರೊಸೆಸರಿನ ಅಪ್ಪಣೆಯಿಲ್ಲದೆ ಇನ್ನೊಂದು ಗುಂಪನ್ನು ಸೇರುವಂತಿಲ್ಲ. ತಂತಿಯಲ್ಲಿಲ್ಲದ, ಲೆಕ್ಕದಲ್ಲಿ ಮಾತ್ರ ಇರುವ ಈ ಪ್ರತ್ಯೇಕ ಜಾಲಗಳಿಗೆ ‘ವಿಎಲ್‍ಎಎನ್’ ಎಂದು ಹೆಸರು. 1998ರಲ್ಲಿ ಪ್ರಕಟವಾದ 802.1ಕ್ಯೂ ಎಂಬ ಮಾನಕದ ಪ್ರಕಾರ ಸಂದೇಶದೊಳಗೆ 4 ಬೈಟುಗಳ ಒಂದು ಚೀಟಿಯನ್ನು ಸೇರಿಸಿ ಅದು ಯಾವ ಗುಂಪಿನದೆಂಬುದನ್ನು ಗುರುತಿಸಬಹುದು. ಚೀಟಿಯಲ್ಲಿ ಗುಂಪಿನ ಸಂಖ್ಯೆಗೆ 12 ಬಿಟ್‍ಗಳ ಜಾಗವಿದ್ದು, 4094 ಗುಂಪುಗಳಿಗೆ ಅವಕಾಶವಿದೆ. ಮನೆಯ ರೂಟರಿಗೆ ಎರಡೇ ಸಾಕು.

ಈ ಕಟ್ಟಳೆಯನ್ನು ತಿದ್ದುವ ಅಧಿಕಾರ ಬಹುಕಾಲ ತಯಾರಕರ ಕೈಯಲ್ಲೇ ಇತ್ತು. 2002ರ ಕೊನೆಯಲ್ಲಿ ಲಿಂಕ್‍ಸಿಸ್ ಕಂಪನಿ ಹೊರತಂದ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರಿನ ಒಳಗೆ ಇದ್ದುದು ಲಿನಕ್ಸ್ ಎಂಬ ಮುಕ್ತ ತಂತ್ರಾಂಶವೆಂದು ಬಲ್ಲವರು ಕಂಡುಹಿಡಿದರು. ಲಿನಕ್ಸಿನ ಪರವಾನಗಿಯ ಪ್ರಕಾರ, ಅದನ್ನು ಅಳವಡಿಸಿದ ವಸ್ತುವನ್ನು ಮಾರುವವರು ಅದರ ಮೂಲಪಠ್ಯವನ್ನೂ ಕೊಡಬೇಕು. ಒತ್ತಾಯ ಹೆಚ್ಚಿದ ಮೇಲೆ 2003ರಲ್ಲಿ ಕಂಪನಿ ಆ ಪಠ್ಯವನ್ನು ಪ್ರಕಟಿಸಿತು. ಅದರ ತಳಹದಿಯ ಮೇಲೆ 2004ರಲ್ಲಿ ‘ಓಪನ್‍ಡಬ್ಲ್ಯುಆರ್‌ಟಿ’ ಎಂಬ ತಂತ್ರಾಂಶ ಹುಟ್ಟಿತು. ಹಣ ಕೊಟ್ಟು ಕೊಂಡ ಪೆಟ್ಟಿಗೆಯ ಒಳಕಟ್ಟಳೆಯನ್ನು ಕೊಂಡವನೇ ತಿದ್ದುವುದು ಅಲ್ಲಿಂದ ಮುಂದೆ ಸಾಮಾನ್ಯ ಸಂಗತಿಯಾಯಿತು.

ತಿದ್ದುವ ಕ್ರಮ ಕಠಿಣವಾದುದಲ್ಲ. ಫೈಬರ್ ಪೆಟ್ಟಿಗೆಯ ವಿಳಾಸ 192.168.1.1 ಎಂದಿದ್ದರೆ, ರೂಟರಿಗೆ 192.168.1.2ರಂತಹ, ಬೇರೆ ಯಾವ ಉಪಕರಣಕ್ಕೂ ಹೋಗದ ವಿಳಾಸವನ್ನು ಕೊಡಬೇಕು. ಬಳಿಕ ರೂಟರಿನ ವಿಳಾಸ ಹಂಚುವ ಸೇವೆಯನ್ನು ನಿಲ್ಲಿಸಬೇಕು. ಒಂದೇ ಮನೆಯಲ್ಲಿ ಇಬ್ಬರು ವಿಳಾಸ ಹಂಚಿದರೆ ಗೊಂದಲ ತಪ್ಪದು. ಕೊನೆಗೆ, ವ್ಯಾನ್ ಪೋರ್ಟನ್ನು ಅದರ ಗುಂಪಿನಿಂದ ಬಿಡಿಸಿ ‘ಬ್ರಿಡ್ಜ್’ ಎಂಬ ಸೇತುವೆಯ ಮೂಲಕ ಲ್ಯಾನ್ ಪೋರ್ಟುಗಳ ಜೊತೆಗೆ ಸೇರಿಸಬೇಕು. ತಯಾರಕರ ತಂತ್ರಾಂಶವೇ ಇರುವ ಅನೇಕ ರೂಟರುಗಳಲ್ಲಿ ‘ಆಕ್ಸೆಸ್ ಪಾಯಿಂಟ್’ ಎಂಬ ಆಯ್ಕೆಯನ್ನು ಒತ್ತಿದರೆ ಇದೆಲ್ಲವೂ ತಾನಾಗಿಯೇ ನಡೆಯುತ್ತದೆ. ಆಮೇಲೆ ಫೈಬರ್ ಪೆಟ್ಟಿಗೆಯ ತಂತಿ ಐದನೆಯ ಪೋರ್ಟಿಗೆ. ಉಳಿದ ನಾಲ್ಕೂ ಮನೆಯ ಉಪಕರಣಗಳಿಗೆ. ಕೆಲವು ರೂಟರುಗಳಲ್ಲಿ ವ್ಯಾನ್ ಪೋರ್ಟು ಸ್ವಿಚ್ಚಿಗೆ ಸೇರದೆ ನೇರವಾಗಿ ಪ್ರೊಸೆಸರಿಗೆ ಸೇರಿರುವುದುಂಟು. ಅಲ್ಲಿ ಪ್ರತಿಯೊಂದು ಸಂದೇಶವನ್ನೂ ಪ್ರೊಸೆಸರೇ ಹೊತ್ತು ದಾಟಿಸಬೇಕಾಗುವುದರಿಂದ ವೇಗ ಕುಂದಬಹುದು.

ಒಂದು ಅಪಾಯವನ್ನು ಮರೆಯಲಾಗದು. ಎರಡು ಪೆಟ್ಟಿಗೆಗಳ ನಡುವೆ ಮರೆತು ಎರಡು ತಂತಿಗಳನ್ನು ಹಾಕಿದರೆ, ಎಲ್ಲರಿಗೂ ಎಂದು ಹೊರಟ ಸಂದೇಶವು ಸುತ್ತುತ್ತಲೇ ಇದ್ದು ಕ್ಷಣಮಾತ್ರದಲ್ಲಿ ಮನೆಯ ಜಾಲವೆಲ್ಲ ಸ್ತಬ್ಧವಾಗಬಹುದು. ಇಂತಹ ಸುತ್ತುಗಳನ್ನು ತಾನಾಗಿ ಕಡಿಯುವ ವಿಧಾನವನ್ನು ರೇಡಿಯಾ ಪರ್ಲ್‍ಮನ್ ಎಂಬ ವಿದುಷಿ 1985ರಲ್ಲಿ ರೂಪಿಸಿದರು. ಆದರೆ ಮನೆಯ ರೂಟರುಗಳಲ್ಲಿ ಅದು ಯಾವಾಗಲೂ ಜಾರಿಯಲ್ಲಿರುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಹೆಸರಿನದು. ಕಟ್ಟಳೆ ಬದಲಾದರೂ ಪೆಟ್ಟಿಗೆಯ ಮೇಲೆ ಅಚ್ಚಾದ ‘ವ್ಯಾನ್’ ಎಂಬ ಹೆಸರು ಬದಲಾಗುವುದಿಲ್ಲ. ವರ್ಷಗಳ ತರುವಾಯ ಮನೆಯವರೊಬ್ಬರು ಆ ಹೆಸರನ್ನು ನಂಬಿ, ಕಾವಲಿಲ್ಲದ ಹೊರತಂತಿಯನ್ನು ನೇರವಾಗಿ ಅಲ್ಲಿಗೆ ಸಿಕ್ಕಿಸಿದರೆ, ಬೀದಿ ಅಂಗಳದೊಳಗೇ ಬಂದಂತಾಗುತ್ತದೆ. ತಡೆಯುವವರು ಯಾರೂ ಇರುವುದಿಲ್ಲ. ಆದ್ದರಿಂದ ಈ ಕೆಲಸ ಮಾಡಿದವರು ಆ ಪೋರ್ಟಿನ ಮೇಲೆ ‘ಲ್ಯಾನ್ 5’ ಎಂದು ಬರೆದ ಚೀಟಿಯೊಂದನ್ನು ಅಂಟಿಸುವುದು ವಾಡಿಕೆ. ರೂಟರಿನ ಸಣ್ಣ ರಂಧ್ರದಲ್ಲಿರುವ ಗುಂಡಿಯನ್ನು ಪಿನ್ನಿನಿಂದ ಕೆಲವು ಸೆಕೆಂಡುಗಳ ಕಾಲ ಒತ್ತಿ ಹಿಡಿದರೆ ಕಟ್ಟಳೆಗಳೆಲ್ಲ ಮೊದಲಿನಂತಾಗಿ, ಐದನೆಯ ಪೋರ್ಟು ಮತ್ತೆ ತಲೆಬಾಗಿಲಾಗುತ್ತದೆ. ಆಗ ಚೀಟಿಯನ್ನೂ ಕಿತ್ತುಹಾಕಬೇಕಾಗುತ್ತದೆ.