ಸಿಹಿನೀರ ದಡದಲ್ಲಿ ಕಡಲ ಚಿಪ್ಪು

ಅಮೆರಿಕದ ಮಿಶಿಗನ್ ಸರೋವರದ ನೀರು ಸಿಹಿ. ಕಡಲು ಅಲ್ಲಿಂದ ನೂರಾರು ಕಿಲೋಮೀಟರ್ ದೂರ. ಆದರೂ ಅದರ ಉತ್ತರಕ್ಕಿರುವ ಪೆಟೋಸ್ಕಿ ಊರಿನ ಆಸುಪಾಸಿನ ದಡದಲ್ಲಿ, ನುಣ್ಣನೆಯ ಕಲ್ಲುಗಳ ನಡುವೆ ಗೆರೆಗೆರೆಯ ಚಿಪ್ಪುಗಳು ಸಿಗುತ್ತವೆ. ಕೈಗೆತ್ತಿಕೊಂಡರೆ ಭಾರ, ಪೂರಾ ಕಲ್ಲು. ಚಿತ್ರ ತೋರಿಸಿ ಕೇಳಿದರೆ ಮಕ್ಕಳು ಹೇಳೋದು ಎರಡು ಮಾತು: "ಇದು ಕಪ್ಪೆಚಿಪ್ಪು ಸಾರ್", "ಹಾಗಾದ್ರೆ ಈ ಸರೋವರ ಮೊದಲು ಕಡಲಾಗಿತ್ತು." ಮೊದಲನೆಯದು ತಪ್ಪು. ಎರಡನೆಯದು ಅರ್ಧ ಸರಿ, ಆ ಅರ್ಧವೇ ಹೆಚ್ಚು ದಾರಿ ತಪ್ಪಿಸುವಂಥದ್ದು.

ಇದು ಬ್ರಾಕಿಯೊಪಾಡ್ ಎಂಬ ಕಡಲಜೀವಿಯ ಪಳೆಯುಳಿಕೆ. ಕಪ್ಪೆಚಿಪ್ಪಿಗೂ ಇದಕ್ಕೂ ಹತ್ತಿರದ ನಂಟಿಲ್ಲ. ಗುರುತಿಸೋದು ಹೇಗೆ? ನಮಸ್ಕಾರಕ್ಕೆ ಕೈ ಜೋಡಿಸಿ. ಎರಡೂ ಅಂಗೈ ಒಂದಕ್ಕೊಂದು ಕನ್ನಡಿ. ಆದರೆ ಒಂದೇ ಅಂಗೈಯನ್ನು ನೋಡಿದರೆ ಹೆಬ್ಬೆರಳು ಒಂದೇ ಕಡೆ. ಕಪ್ಪೆಚಿಪ್ಪು ಹೀಗೆ. ಬ್ರಾಕಿಯೊಪಾಡ್ ಇದಕ್ಕೆ ಉಲ್ಟಾ: ಮೇಲಿನ ಹೋಳು, ಕೆಳಗಿನ ಹೋಳು ಬೇರೆ ಬೇರೆ ಅಳತೆ, ಆದರೆ ಒಂದೇ ಹೋಳಿನ ಕೊಕ್ಕಿನಿಂದ ನೇರ ಗೆರೆ ಎಳೆದರೆ ಎಡ-ಬಲ ಸರಿಸಮ. ಕೆಲವದರ ಕೊಕ್ಕಿನಲ್ಲಿ ಸಣ್ಣ ತೂತೂ ಇರುತ್ತದೆ. ಜೀವಿ ಅದರ ಮೂಲಕ ಕಾಂಡದಂಥ ಭಾಗ ಚಾಚಿ ಬಂಡೆಗೆ ಅಂಟಿಕೊಳ್ಳುತ್ತಿತ್ತು. ಹಳೇ ಎಣ್ಣೆದೀಪದ ಬತ್ತಿಯ ತೂತಿನ ಹಾಗೆ ಕಾಣುವುದರಿಂದ ಇಂಗ್ಲಿಷಿನಲ್ಲಿ ಇವಕ್ಕೆ ದೀಪಚಿಪ್ಪು ಎಂಬರ್ಥದ ಹೆಸರಿದೆ.

ಸಮಮಿತಿಯೊಂದನ್ನೇ ನಂಬಬಾರದು. ಬೀಸಣಿಗೆ ಆಕಾರದ ಸ್ಕ್ಯಾಲಪ್ ಕಪ್ಪೆಚಿಪ್ಪಿನ ಬಳಗದ್ದೇ, ಆದರೂ ಅದರ ಒಂದೊಂದು ಹೋಳೂ ಹೆಚ್ಚುಕಡಿಮೆ ಸಮ. ಹಾಗಾಗಿ ಎರಡೂ ಹೋಳು ನೋಡಬೇಕು. ಅದೃಷ್ಟಕ್ಕೆ ಬ್ರಾಕಿಯೊಪಾಡ್ ಎಷ್ಟೋ ಸಲ ಜೋಡಿಯಾಗಿಯೇ ಸಿಗುತ್ತದೆ. ಕಾರಣ ಕಾಸರಗೋಡಿನ ಕಡಲ ಬದಿಯವರಿಗೆ ಅಡುಗೆಮನೆಯಲ್ಲೇ ಅರ್ಧ ಗೊತ್ತು: ಮರುವಾಯಿ ಬೇಯಿಸಿದರೆ ಬಾಯಿ ಬಿಡುತ್ತದೆ. ಚಿಪ್ಪನ್ನು ಮುಚ್ಚಿ ಹಿಡಿಯೋದು ಸ್ನಾಯು. ಅದು ಸಡಿಲವಾದರೆ ಕೀಲಿನ ಹತ್ತಿರದ ರಬ್ಬರಿನಂಥ ಪಟ್ಟಿ ಚಿಪ್ಪನ್ನು ತೆರೆದುಬಿಡುತ್ತದೆ. ಬ್ರಾಕಿಯೊಪಾಡಿಗೆ ಆ ಪಟ್ಟಿ ಇಲ್ಲ. ತೆರೆಯಲಿಕ್ಕೂ ಸ್ನಾಯುವೇ ಬೇಕು, ಸತ್ತ ಮೇಲೆ ತೆರೆಯುವವರು ಯಾರು? ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರು ಹೊಳೆಯ ಕಪ್ಪೆಚಿಪ್ಪನ್ನೇ ತರಗತಿಗೆ ತಂದರೆ ಆಯ್ತು.

ಇನ್ನು ಎರಡನೇ ಮಾತು. ಸುಮಾರು 38 ಕೋಟಿ ವರ್ಷಗಳ ಹಿಂದೆ, ಡೆವೋನಿಯನ್ ಯುಗದಲ್ಲಿ, ಆ ನೆಲದ ಮೇಲೆ ಬೆಚ್ಚನೆಯ ಆಳವಿಲ್ಲದ ಕಡಲಿತ್ತು. ಚಿಪ್ಪುಗಳು ಅದರ ತಳದ ಕೆಸರಿನಲ್ಲಿ ಹೂತು ಸುಣ್ಣಕಲ್ಲಾದವು. ಕಡಲು ಹೋಯಿತು. ಎಷ್ಟೋ ಕಾಲದ ನಂತರ, ಹಿಮಯುಗದಲ್ಲಿ, ಹಿಮನದಿಗಳು ಆ ನೆಲವನ್ನು ಕೆರೆದು ಗುಂಡಿ ಮಾಡಿದವು. ಹಿಮ ಕರಗಿ ಗುಂಡಿ ತುಂಬತೊಡಗಿ ಸುಮಾರು 14 ಸಾವಿರ ವರ್ಷ ಆಗಿದೆ. ಅಂದರೆ ಅಲ್ಲಿ ಕಡಲಿದ್ದದ್ದು ನಿಜ, ಸರೋವರವೇ ಕಡಲಾಗಿರಲಿಲ್ಲ. ಸರೋವರಕ್ಕೆ ಒಂದು ದಿನದ ಪ್ರಾಯ ಅಂತ ಇಟ್ಟುಕೊಂಡರೆ ಚಿಪ್ಪಿಗೆ 70 ದಾಟಿದ ಅಜ್ಜನ ಪ್ರಾಯ. ಅಲೆಗಳು ಮಾಡಿದ್ದು ಇಷ್ಟೇ: ಬಂಡೆಯಿಂದ ಬಿಡಿಸಿ, ಉಜ್ಜಿ, ದಡಕ್ಕೆ ತಂದು ಹಾಕಿದ್ದು.

ಅದೇ ದಡದಲ್ಲಿ ಉಗುರಿನಷ್ಟು ಪುಟ್ಟ, ಹಗುರ, ಪಟ್ಟೆಪಟ್ಟೆ ಚಿಪ್ಪುಗಳ ರಾಶಿಯೂ ಕಾಣಬಹುದು. ಅವು ಜೀಬ್ರಾ ಮಸಲ್. ಯುರೋಪಿನ ಕಡೆಯಿಂದ ಹಡಗುಗಳ ನೀರಿನ ತೊಟ್ಟಿಯಲ್ಲಿ ಬಂದು, 1988ರಲ್ಲಿ ಆ ಮಹಾಸರೋವರಗಳ ಪ್ರದೇಶದಲ್ಲಿ ಮೊದಲು ಪತ್ತೆಯಾದವು. ಅವು ಪಳೆಯುಳಿಕೆಯಲ್ಲ, ಈಗಿನ ಕಪ್ಪೆಚಿಪ್ಪಿನ ಬಳಗವೇ.