ವಾಲ್ಯೂಮ್ ಕೀಲಿಯ ಕಿರುಸದ್ದು

ಕಂಪ್ಯೂಟರಿನ ವಾಲ್ಯೂಮ್ ಕೀಲಿಯನ್ನು ಒತ್ತಿದಾಗ ಪರದೆಯ ಮೇಲೆ ಮೂಡುವ ಪಟ್ಟಿ ಮತ್ತು ಕೆಲವು ವ್ಯವಸ್ಥೆಗಳಲ್ಲಿ ಅದರ ಜೊತೆಗೇ ಕೇಳಿಬರುವ ಕ್ಷಣಮಾತ್ರದ ಸದ್ದು, ಇವೆರಡನ್ನೂ ಒಟ್ಟಾಗಿ ವಾಲ್ಯೂಮ್ ಹಿಮ್ಮಾಹಿತಿ ಎನ್ನಲಾಗುತ್ತದೆ. ಬಳಕೆದಾರನ ಕ್ರಿಯೆಯ ಫಲವನ್ನು ಯಂತ್ರವು ಕೂಡಲೇ ಅವನಿಗೆ ತಿಳಿಸುವುದೇ ಹಿಮ್ಮಾಹಿತಿ. ಕೀಲಿ ಒತ್ತಿದಾಗ ಇದು ತಾನಾಗಿ ನಡೆಯುತ್ತದೆ. ಆದರೆ ಒಂದು ಆನ್ವಯಿಕ ತಂತ್ರಾಂಶವು ತನ್ನ ಕೋಡಿನ ಮೂಲಕವೇ ವಾಲ್ಯೂಮನ್ನು ಬದಲಿಸಿದರೆ, ಮಟ್ಟ ಬದಲಾದರೂ ಪಟ್ಟಿಯಾಗಲಿ ಸದ್ದಾಗಲಿ ಬಾರದೆ ಹೋಗುವುದು ಸಾಮಾನ್ಯ.

ಪಟ್ಟಿಯೊಂದೇ ಏಕೆ ಸಾಲದು ಎಂಬುದಕ್ಕೆ ಉತ್ತರ ಕಿವಿಯ ಸ್ವಭಾವದಲ್ಲಿದೆ. ಕಿವಿಯು ಸದ್ದಿನ ಏರಿಳಿತವನ್ನು ವ್ಯತ್ಯಾಸದಿಂದಲ್ಲ, ಅನುಪಾತದಿಂದ ಅಳೆಯುವುದರಿಂದ, ಅದನ್ನು ಡೆಸಿಬೆಲ್ ಎಂಬ ಲಾಗರಿತಮ್ ಮಾನದಲ್ಲಿ ಹೇಳುವುದು ರೂಢಿ. ಸುಮಾರು 10 ಡೆಸಿಬೆಲ್ ಇಳಿದರೆ ಸದ್ದು ಅರ್ಧವಾದಂತೆ ಕೇಳಿಸುತ್ತದೆ. ಲಿನಕ್ಸ್ ಗಣಕಗಳಲ್ಲಿ ಬಹುಕಾಲ ಧ್ವನಿಯ ಮೇಲ್ವಿಚಾರಣೆ ಮಾಡಿದ ಪಲ್ಸ್‌ಆಡಿಯೋ ಎಂಬ ತಂತ್ರಾಂಶವು ಇದಕ್ಕೆ ಹೊಂದುವಂತೆ ಪಟ್ಟಿಯ ಅಂಕಿಯನ್ನು ಘನಕ್ಕೇರಿಸಿ ಸಂಕೇತದ ಪಾರವನ್ನು, ಅಂದರೆ ಅದರ ಅಲೆಯ ಎತ್ತರವನ್ನು, ನಿರ್ಧರಿಸುತ್ತದೆ: ಪರದೆಯಲ್ಲಿ 50 ಶೇಕಡ ಎಂದಿದ್ದರೆ ಪಾರವು ಅರ್ಧವಲ್ಲ, ಎಂಟನೆಯ ಒಂದು ಭಾಗ, ಅಂದರೆ ಪೂರ್ಣಮಟ್ಟಕ್ಕಿಂತ ಸುಮಾರು 18 ಡೆಸಿಬೆಲ್ ಕಡಿಮೆ. ಇಷ್ಟಾದರೂ ಆ ಅಂಕಿಗೆ ಸ್ಪೀಕರಿನ ಗುಣ ಗೊತ್ತಿಲ್ಲ, ಕೋಣೆಯ ಗದ್ದಲವಂತೂ ಗೊತ್ತೇ ಇಲ್ಲ. ಕಾರವಾರ ತಾಲ್ಲೂಕಿನ ಹಣಕೋಣದಂಥ ಊರಿನ ಹಂಚಿನ ಮನೆಯಲ್ಲಿ, ಆಷಾಢದ ಮಳೆ ಮಾಡಿನ ಮೇಲೆ ಒಂದೇ ಸಮನೆ ಬಡಿಯುತ್ತಿರುವಾಗ, ಬೇಸಿಗೆಯಲ್ಲಿ ಧಾರಾಳವಾಗಿ ಸಾಕಾಗಿದ್ದ 40 ಶೇಕಡ ಏನೂ ಕೇಳಿಸದ ಮಟ್ಟವಾಗಬಹುದು. ಸಾರಿನ ಉಪ್ಪು ನೋಡಲು ಅಂಗೈಗೆ ಒಂದು ತೊಟ್ಟು ಹಾಕಿಕೊಳ್ಳುವಂತೆ, ಆ ಸ್ಪೀಕರಿನಿಂದ, ಆ ಕೋಣೆಯಲ್ಲಿ, ಆ ಮಟ್ಟದಲ್ಲಿ ಹೊರಟ ಒಂದು ಕಿರುಸದ್ದು ಮಾತ್ರ ನಿಜಸ್ಥಿತಿಯನ್ನು ಹೇಳಬಲ್ಲುದು. ಪರದೆಯನ್ನು ನೋಡಲಾಗದ ಅಂಧ ಬಳಕೆದಾರರಿಗೆ ಈ ಸದ್ದಿನ ಬೆಲೆ ಇನ್ನೂ ಹೆಚ್ಚು.

ಈ ಏರ್ಪಾಟನ್ನು ತೆರೆದಿಟ್ಟು ನೋಡಲು ಸಿಗುವುದು ಮುಕ್ತ ತಂತ್ರಾಂಶಗಳಲ್ಲಿ. ಲಿನಕ್ಸಿನ ಗ್ನೋಮ್ ಎಂಬ ಡೆಸ್ಕ್‌ಟಾಪ್ ಪರಿಸರದ ಮೂರನೆಯ ಆವೃತ್ತಿಯು 2011ರ ಏಪ್ರಿಲ್‌ನಲ್ಲಿ ಬಿಡುಗಡೆಯಾಯಿತು. ಅದರ ಮುಖ್ಯ ಹೊರಮೈಯಾದ ಗ್ನೋಮ್ ಶೆಲ್‌ನಲ್ಲಿ ವಾಲ್ಯೂಮ್ ಹಿಮ್ಮಾಹಿತಿಗೆಂದೇ ಒಂದು ಪುಟ್ಟ ಕಾರ್ಯಭಾಗವಿದೆ. ಅದು ಮೊದಲು, ಹಿಂದಿನ ಬದಲಾವಣೆಗೆ ಹೊರಟ ಸದ್ದು ಇನ್ನೂ ನಡೆಯುತ್ತಿದ್ದರೆ ಅದನ್ನು ರದ್ದುಗೊಳಿಸುತ್ತದೆ. ಹಾಗಿಲ್ಲದಿದ್ದರೆ ಮಟ್ಟವನ್ನು ಒಂದೇ ಸಮನೆ ಬದಲಿಸಿದವನ ಕಿವಿಗೆ ಸದ್ದುಗಳ ರಾಶಿಯೇ ಬೀಳುತ್ತಿತ್ತು. ಬಳಿಕ, ಸ್ಪೀಕರಿನಲ್ಲಿ ಆಗಲೇ ಹಾಡೋ ಮಾತೋ ಹರಿಯುತ್ತಿದೆಯೇ ಎಂದು ವಿಚಾರಿಸಿ, ಹರಿಯುತ್ತಿದ್ದರೆ ಸುಮ್ಮನಾಗುತ್ತದೆ, ಏಕೆಂದರೆ ಆಗ ಹಾಡೇ ಹಿಮ್ಮಾಹಿತಿ. ಮೌನವಿದ್ದಾಗ ಮಾತ್ರ ‘ಆಡಿಯೋ-ವಾಲ್ಯೂಮ್-ಚೇಂಜ್’ ಎಂಬ ಹೆಸರಿನ ಸದ್ದನ್ನು ನುಡಿಸುವಂತೆ ಕೋರುತ್ತದೆ. ಕೆಲವೇ ಸಾಲುಗಳ ಈ ಕೋಡಿನಲ್ಲಿರುವ ಸೌಜನ್ಯ ಎಷ್ಟೋ ದೊಡ್ಡ ತಂತ್ರಾಂಶಗಳಲ್ಲಿ ಕಾಣಸಿಗದು.

ಕೋರಿಕೆಯು ಕಡತವನ್ನಲ್ಲ, ಹೆಸರನ್ನು ಹೇಳುತ್ತದೆ ಎಂಬುದೇ ಇಲ್ಲಿಯ ಮರ್ಮ. ಫ್ರೀಡೆಸ್ಕ್‌ಟಾಪ್ ಎಂಬ ಯೋಜನೆಯು ಯಾವ ಸಂದರ್ಭದ ಸದ್ದಿಗೆ ಯಾವ ಹೆಸರೆಂಬುದನ್ನು ಗೊತ್ತುಪಡಿಸಿದೆ. ಆ ಹೆಸರಿಗೆ ಸಲ್ಲುವ ಕಡತವನ್ನು ಬಳಕೆದಾರನು ಆರಿಸಿಕೊಂಡ ಧ್ವನಿಮಾಲೆಯಲ್ಲಿ, ಅಂದರೆ ಒಂದೇ ಶೈಲಿಯ ಸದ್ದುಗಳ ಸಂಗ್ರಹದಲ್ಲಿ, ಹುಡುಕಿ ನುಡಿಸುವ ಕೆಲಸವನ್ನು ಲಿಬ್‌ಕ್ಯಾನ್‌ಬೆರಾದಂಥ ಕೋಡು-ಸಂಗ್ರಹವು ಮಾಡುತ್ತದೆ. ಪದೇಪದೇ ಬೇಕಾಗುವ ಸದ್ದನ್ನು ಮೊದಲೇ ಪಲ್ಸ್‌ಆಡಿಯೋದಂಥ ಧ್ವನಿ ಸರ್ವರಿನ ಸ್ಮೃತಿಯಲ್ಲಿ ಇರಿಸಿಕೊಳ್ಳುವ ಅನುಕೂಲವೂ ಅದರಲ್ಲಿದ್ದು, ಹೀಗಾಗಿ ಪ್ರತಿ ಸಲ ಡಿಸ್ಕಿನಿಂದ ಓದುವ ವಿಳಂಬ ತಪ್ಪುತ್ತದೆ. ಬೇರೆ ಯಾವುದೇ ತಂತ್ರಾಂಶವೂ ಇದೇ ಹೆಸರನ್ನು ಹೇಳಿ ಇದೇ ಸದ್ದನ್ನು ಪಡೆಯಬಹುದು.

ಮ್ಯಾಕ್‌ನಲ್ಲಿ ದಾರಿ ಇಷ್ಟು ಸುಗಮವಲ್ಲ. ಅಲ್ಲಿಯ ಕೀಲಿಗಳು ವಾಲ್ಯೂಮನ್ನು 16 ಮೆಟ್ಟಿಲುಗಳಲ್ಲಿ ಬದಲಿಸುತ್ತವೆ; ಸದ್ದು ಬೇಕೋ ಬೇಡವೋ ಎಂಬುದು ಬಳಕೆದಾರನ ಆಯ್ಕೆಗೆ ಬಿಟ್ಟದ್ದು, ಶಿಫ್ಟ್ ಕೀಲಿಯನ್ನೂ ಹಿಡಿದು ಒತ್ತಿದರೆ ಆ ಹೊತ್ತಿನ ಮಟ್ಟಿಗೆ ಆಯ್ಕೆ ತಿರುಗುಮುರುಗಾಗುತ್ತದೆ. ಆದರೆ ಕೋರ್ ಆಡಿಯೋ ಎಂಬ ಅಧಿಕೃತ ಮಾರ್ಗದಿಂದ ಮಟ್ಟವನ್ನು ಬದಲಿಸುವ ತಂತ್ರಾಂಶಕ್ಕೆ ಪಟ್ಟಿಯೂ ಸದ್ದೂ ಸಿಗುವುದಿಲ್ಲವಾದ್ದರಿಂದ, ಕೀಲಿ ಒತ್ತಿದಂತೆ ನಟಿಸುವ ಕೃತಕ ಘಟನೆಯನ್ನು ವ್ಯವಸ್ಥೆಗೆ ಕಳಿಸುವುದು, ಇಲ್ಲವೇ ಬಳಕೆದಾರನ ಆಯ್ಕೆಯನ್ನು ಓದಿಕೊಂಡು ವ್ಯವಸ್ಥೆಯ ಒಳಗಡತಗಳಲ್ಲಿರುವ ಸದ್ದನ್ನು ತಾನೇ ನುಡಿಸುವುದು, ಈ ಎರಡು ಅಡ್ಡದಾರಿಗಳೇ ಅದಕ್ಕೆ ಉಳಿಯುತ್ತವೆ. ಎರಡನೆಯದು ಅಪಾಯದ ದಾರಿ: ಒಳಗಡತದ ವಿಳಾಸ ಮುಂದಿನ ಆವೃತ್ತಿಯಲ್ಲೂ ಅದೇ ಇರುತ್ತದೆಂದು ಯಾರೂ ಮಾತು ಕೊಟ್ಟಿಲ್ಲ.

ವಿಂಡೋಸ್‌ನ ಕತೆಯೂ ಹೆಚ್ಚು ಭಿನ್ನವಲ್ಲ. ಮೌಸಿನಿಂದ ಪಟ್ಟಿಯನ್ನು ಎಳೆದು ಬಿಟ್ಟಾಗ ಅಲ್ಲಿ ‘ಡಿಂಗ್’ ಎನ್ನುತ್ತದೆ, ಕೀಲಿ ಒತ್ತಿದಾಗ ಪಟ್ಟಿ ಮಾತ್ರ ತೋರುತ್ತದೆ. ವಿಸ್ಟಾ ಆವೃತ್ತಿಯೊಂದಿಗೆ ಬಂದ ಧ್ವನಿ ನಿಯಂತ್ರಣದ ವಿಧಾನವು 0ರಿಂದ 1ರವರೆಗಿನ ಅಂಕಿಯಾಗಿ ಮಟ್ಟವನ್ನು ಪಡೆದು ಮೌನವಾಗಿ ಅದನ್ನು ಜಾರಿಗೊಳಿಸುತ್ತದೆ. ಬದಲಾವಣೆಯನ್ನು ಮಾಡಿದವರು ಯಾರೆಂಬ ಗುರುತನ್ನೂ ಜೊತೆಗೆ ಕಳಿಸಲು ಅದರಲ್ಲಿ ಅವಕಾಶವಿರುವುದು ಒಂದು ಜಾಣ್ಮೆ: ತಾನು ಮಾಡಿದ ಬದಲಾವಣೆಯ ಸುದ್ದಿ ತನಗೇ ಮರಳಿ ಬಂದಾಗ ತಂತ್ರಾಂಶವು ಅದನ್ನು ಗುರುತಿಸಿ ಕಡೆಗಣಿಸಬಹುದು, ಇಲ್ಲವಾದರೆ ಪಟ್ಟಿಯು ತನ್ನನ್ನೇ ತಾನು ತಳ್ಳುತ್ತ ನಡುಗುತ್ತಿರುತ್ತದೆ.

ಹೀಗಿರುವಾಗ, ಸ್ವಂತದ್ದೊಂದು ‘ಟಿಕ್’ ಸದ್ದನ್ನು ತಂತ್ರಾಂಶದೊಳಗೇ ತುಂಬಿಸಿ ಕೈತೊಳೆದುಕೊಳ್ಳುವುದು ಸುಲಭವೆನಿಸುವುದು ಸಹಜ. ಆದರೆ ಆ ಸದ್ದಿಗೆ ಬಳಕೆದಾರನು ಹಿಮ್ಮಾಹಿತಿಯನ್ನು ನಿಲ್ಲಿಸಿಟ್ಟಿದ್ದಾನೆಂಬುದು ತಿಳಿಯದು, ಹಾಡು ನಡೆಯುತ್ತಿದ್ದರೂ ಅದು ಬಾಯಿ ಹಾಕುತ್ತದೆ, ಹೆಡ್‌ಫೋನಿನ ಮಟ್ಟವನ್ನು ಬದಲಿಸಿದಾಗ ಸ್ಪೀಕರಿನಲ್ಲಿ ನುಡಿದು ಸುಳ್ಳು ವರದಿಯನ್ನೂ ಕೊಡಬಹುದು. ಕನ್ನಡದ ಓದುಯಂತ್ರವನ್ನೋ ಧ್ವನಿಪುಸ್ತಕದ ತಂತ್ರಾಂಶವನ್ನೋ ಕಟ್ಟುತ್ತಿರುವವರು, ಸ್ವಂತ ಸದ್ದನ್ನು ಸೇರಿಸುವ ಮೊದಲು, ವ್ಯವಸ್ಥೆಯ ಸದ್ದನ್ನು ಹೆಸರು ಹಿಡಿದು ಕೋರುವ ದಾರಿ ಇದೆಯೇ ಎಂದು ನೋಡಬೇಕು. ಲಿನಕ್ಸಿನಲ್ಲಿ ಅದು ಇದೆ.